ಗೀಟು ಬೀಳದ ಮನೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ತೂಕದ ಕೋಣೆಗೆ ಅಂಟಿದ ಕೋಣೆ ನನ್ನದು.
ಹದಿನೇಳು ವರ್ಷದ ಲೆಡ್ಜರುಗಳು, ಒಂದು ಕಂಪ್ಯೂಟರು,
ಮತ್ತೆ ಹುಳದ ವಾಸನೆ.
ಮೂರು ದಿನಕ್ಕೆ ಅದು ನಮ್ಮ ಮೂಗಿಗೆ ತಿಳಿಯದು,
ಮನೆಯವರಿಗೆ ತಿಳಿಯುತ್ತದೆ.

ಹಳೆಯ ಪುಟಕ್ಕೆ ಎಂಟು ಕಾಲಂ:
ತಾರೀಖು, ಲಾಟು, ಹೆಸರು, ಊರು,
ತೂಕ, ದರ, ಕೊಂಡ ರೀಲರು,
ಕೊನೆಗೆ ಬೈಂಡಿನ ಹೊಲಿಗೆಗೆ ಸಿಕ್ಕಿ ಅರ್ಧ ಮಡಿಸಿಕೊಂಡ
ಷರಾ.
ಹೊಸ ನಮೂನೆ ಕೇಳುವುದು ಐದೇ.

ಟೈಪಿಸ್ಟ್ ಹುಡುಗರು ಎಲ್ಲವನ್ನೂ ಬಡಿದಿಟ್ಟು ಹೋಗಿದ್ದರು.
"ಅದರಾಗೆ ಬೇಕಾದ್ದು ಪ್ರೋಗ್ರಾಂ ತಾನೇ ಎತ್ಕೊಳ್ಳುತ್ತೆ ಕಣಮ್ಮ,
ನೀನು ಗುಂಡಿ ಒತ್ತು" ಎಂದರು
ಸೂಪರಿಂಟೆಂಡೆಂಟ್ ವೆಂಕಟರವಣಪ್ಪನವರು.

ಎತ್ತಿಕೊಂಡದ್ದು ಯಾವುದು?
ನನಗೆ ಅಷ್ಟೇ ಬೇಕಿತ್ತು.

ಮಗಳ ಡಬ್ಬಿಯಿಂದ ಹಸಿರು ಪೆನ್ಸಿಲು ಕದ್ದು ತಂದೆ.
ಅದು ಯಾವ ಮನೆ ಮುಟ್ಟಿತೋ
ಲೆಡ್ಜರಿನಲ್ಲಿ ಆ ಮನೆಗೊಂದು ಗೀಟು,
ಚೌಕಾಬಾರದಲ್ಲಿ ಎದುರಾಳಿಯ ಕಾಯಿಯನ್ನು
ಕಣ್ಣಲ್ಲೇ ನಡೆಸಿದ ಹಾಗೆ.
ಬೈಯಣ್ಣ ಟೀ ಇಟ್ಟು ಬಗ್ಗಿ ನೋಡಿ
"ಪರೀಕ್ಷೆ ಪೇಪರ್ ತಿದ್ದೋ ಹಂಗೈತಲ್ಲಕ್ಕಾ" ಅಂದ.
ಹೌದಪ್ಪ. ಬರೆದವರು ಯಾರು,
ಫೇಲಾಗುವವರು ಯಾರು, ಇನ್ನೂ ಗೊತ್ತಿಲ್ಲ.

ಊಟದ ಹೊತ್ತಿಗೆ ಹಿಂದಿನ ಬೀದಿಯ ದಿಲ್‌ಷಾದ್ ಬೀ ಬಳಿ ಕೂರುತ್ತೇನೆ.
ಕುದಿನೀರ ಬೇಸಿನಿನಲ್ಲಿ ಎಂಟು ಗೂಡು ಕುಣಿಯುತ್ತವೆ,
ಮೇಲೆ ರಾಟೆಗೆ ಒಂದೇ ದಾರ.
"ಇದರಲ್ಲಿ ಯಾವ ಗೂಡಿನ ಎಳೆ ಎಲ್ಲಿ, ಹೇಳಬಹುದಾ?"
ಬೆಂದು ಬೆಳ್ಳಗಾದ ಬೆರಳನ್ನು ದಾರದ ಮೇಲಿಟ್ಟು ಹೇಳಿದರು:
"ಓಡೋವಾಗ ಎಲ್ಲಾ ಒಂದೇ.
ಒಂದು ಗೂಡು ಮುಗೀತು ಅಂದ್ರೆ ದಾರ ತೆಳ್ಳಗಾಗುತ್ತೆ.
ಆವಾಗ ಕೆಳಗೆ ನೋಡ್ತೀನಿ,
ಯಾವ ಹುಳ ಬರಿಮೈಯಲ್ಲಿ ತೇಲ್ತಿದೆ ಅಂತ."

ನನ್ನ ದಾರ ತೆಳ್ಳಗಾದದ್ದು ಆ ವರ್ಷದ ಆಷಾಢದಲ್ಲಿ.
ತಿಂಗಳ ಮೊತ್ತ ಎರಡು ಕಿಲೋ ಆರುನೂರು ಗ್ರಾಂ ಹೆಚ್ಚಿಗೆ.
ಗೀಟು ಹಿಡಿದು ಹಿಂದೆ ಹೋದೆ,
ಮೊತ್ತದಿಂದ ದಿನಕ್ಕೆ, ದಿನದಿಂದ ಲಾಟಿಗೆ.
ಲಾಟು ಇನ್ನೂರ ಹದಿನಾಲ್ಕು. ನಲವತ್ತೊಂದೂ ಮುನ್ನೂರು
ಎಂದು ಬರೆದು, ಹೊಡೆದು ಹಾಕಿ,
ಅದರ ತಲೆಯ ಮೇಲೆ ಮೂವತ್ತೆಂಟೂ ಏಳುನೂರು.
ನನ್ನ ಹಸಿರು ಇದ್ದದ್ದು ಸತ್ತ ಸಂಖ್ಯೆಯ ಮೇಲೆ.
ಮೊದಲು ಸಿಕ್ಕಿದ್ದನ್ನೇ ಎತ್ತಿತ್ತು, ಪಾಪ,
ಅದಕ್ಕೆ ಹೊಡೆದು ಹಾಕುವುದೆಂದರೇನೆಂದು ಯಾರೂ ಹೇಳಿರಲಿಲ್ಲ.

ಕಾರಣ ಷರಾದಲ್ಲಿತ್ತು:
"ಒದ್ದೆ ಗೂಡು. ರೈತನ ಎದುರೇ ಕಳೆದಿದೆ."

ಆಮೇಲೆ ನನಗೆ ಆ ಅಂಚಿನ ಚಟ ಹತ್ತಿತು.
ಒಂದೂ ಗೀಟಿಲ್ಲದ ಕಾಲಂ, ಮೇಲಿಂದ ಕೆಳಗೆ ಬರಿ ಬಿಳಿ.
"ಹಣ ಹೆಂಡತಿಯ ಕೈಗೇ ಕೊಡುವುದು."
"ಬಸ್ಸು ಕೆಟ್ಟು ತಡ. ಎರಡನೇ ಹರಾಜಿಗೆ ಸೇರಿಸಿದೆ."
"ಪಿಳ್ಳಮ್ಮನ ಮೊದಲ ಬೆಳೆ."
ಇನ್ನೊಂದು ಕಡೆ ಯಾರೋ ಗುಮಾಸ್ತರು
ಸುಮ್ಮನೆ "ಒಳ್ಳೆ ಗೂಡು" ಎಂದು ಬರೆದು
ಅದಕ್ಕೂ ಸಹಿ ಹಾಕಿದ್ದಾರೆ.

ನಮೂನೆಗೆ ಷರಾ ಸೇರಿಸುವ ಅಧಿಕಾರ ನನಗಿಲ್ಲ.
ಹೊಸ ಫೈಲಿನ ಒಂದೊಂದು ಸಾಲಿನ ಬಾಲಕ್ಕೂ
ಆರನೆಯದೊಂದು ಮನೆ ಕಟ್ಟಿದೆ, ಸಣ್ಣದು:
ಪುಸ್ತಕ ಇಂಥದು, ಪುಟ ಇಂಥದು, ಸಾಲು ಇಂಥದು.
ಬೇಕಾದವರು ನಡೆದು ಹೋಗಿ ನೋಡಲಿ.
ವೆಂಕಟರವಣಪ್ಪನವರು ಕನ್ನಡಕ ಏರಿಸಿ,
"ಇದನ್ನ ಯಾರಮ್ಮ ಕೇಳಿದ್ರು?"
ಅಳಿಸು ಎನ್ನಲಿಲ್ಲ. ಇರಲಿ ಎಂದೂ ಎನ್ನಲಿಲ್ಲ.

ರಾತ್ರಿ ಮಗಳು ಹಾಳೆ ಹರವಿಕೊಂಡು ಕೂತಿದ್ದಾಳೆ,
ಹಿಪ್ಪುನೇರಳೆ ಗಿಡ, ಕಾಂಡ ಮಾತ್ರ ಕಂದು.
ಕಿರುಬೆರಳಿಗಿಂತ ಚಿಕ್ಕದಾದ ಪೆನ್ಸಿಲು ಎತ್ತಿ ಹಿಡಿದು,
"ನನ್ನ ಹಸಿರೆಲ್ಲ ಎಲ್ಲಿಗೆ ಹೋಯ್ತಮ್ಮ?"

ಪುಟದ ಸಮೇತ ಹೇಳಬಲ್ಲೆ.